ನಲವತ್ತರಲ್ಲಿ ಒಂದು ಪಾಲು

ಸುಳ್ಳು ಹೇಳುವವರು ಹೇಗೋ ಬದುಕಿಕೊಳ್ಳುತ್ತಾರೆ. ಕೆಡುವವರು ನಿಖರವಾಗಿ ಮಾತಾಡುವವರು. ನಾನು ಎರಡನೆಯ ಜಾತಿ. ಮಾತು ಕಡಿಮೆ, ಆಡಿದರೆ ಅಳೆದು ಆಡಬೇಕೆಂಬ ಚಪಲ. ಮೈಸೂರಿನಲ್ಲಿ ಬಿ.ಎ. ಓದುವಾಗ ಇದನ್ನು ಗುಣವೆಂದು ಮೆಚ್ಚುತ್ತಿದ್ದರು. ಗುತ್ತಲಿನ ನಮ್ಮ ಮನೆಗೆ ಹಿಂತಿರುಗಿದ ಮೇಲೆ ಇದು ರೋಗವೆಂದು ತಿಳಿಯಿತು.

ನನಗೊಂದು ಗುಟ್ಟಿನ ಹುಚ್ಚಿದೆ. ಭಾರ ಹೊರುವ ಹಳೆಯ ಕಾಲದ ಲಾರಿಗಳ ಪುಟ್ಟ ಪ್ರತಿರೂಪಗಳನ್ನು ಕೂಡಿಡುತ್ತೇನೆ. ಸೀಸದಲ್ಲಿ ಎರಕ ಹೊಯ್ದು ಬಣ್ಣ ಬಳಿದವು, ಅಂಗೈಯಲ್ಲಿ ಕೂರುತ್ತವೆ. ಚಿಕ್ಕವಳಿದ್ದಾಗ ಸಕ್ಕರೆ ಕಾರ್ಖಾನೆಗೆ ಬಾಯ್ಲರ್ ಹೊತ್ತ ಲಾರಿಯೊಂದು ಮದ್ದೂರು ರಸ್ತೆಯಲ್ಲಿ ಬಂದದ್ದನ್ನು ನೋಡಿದ್ದೆ. ಎತ್ತಿನ ಗಾಡಿಗಳೂ ಅದನ್ನು ದಾಟಿ ಮುಂದೆ ಹೋಗುತ್ತಿದ್ದವು; ಅದಕ್ಕೆ ಒಂದಿಷ್ಟೂ ನಾಚಿಕೆಯಿರಲಿಲ್ಲ. ಅಂಥ ಗಾಂಭೀರ್ಯವನ್ನು ಆಮೇಲೆ ದಸರೆಯ ಆನೆಯಲ್ಲೂ ನಾನು ಕಾಣಲಿಲ್ಲ. ಯುದ್ಧ ಶುರುವಾದ ಮೇಲೆ ವಿಲಾಯಿತಿಯಿಂದ ಹೊಸ ಬೊಂಬೆಲಾರಿಗಳು ಬರುವುದು ನಿಂತಿದೆ. ಇರುವವು ಪೆಟ್ಟಿಗೆಯಲ್ಲಿ, ಸೀರೆಗಳ ಕೆಳಗೆ.

ಒಂದು ದಿನ ಅದರಲ್ಲೊಂದನ್ನು ತೆಗೆದು ಒರೆಸುತ್ತಿದ್ದಾಗ ಅತ್ತೆ ಒಳಗೆ ಬಂದರು. ತಂದೆಯ ಅಕ್ಕ, ಕಿರುಗಾವಲಿನವರು. ಬಾಗಿಲು ತಟ್ಟುವುದು ನೆಂಟರ ಕೆಲಸ ಎಂದು ನಂಬಿದವರು. ಇದೇನೆಂದು ಕೇಳಿದರು. ಲಾರಿ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಚಪಲ ಬಿಡಲಿಲ್ಲ. "ನಿಜವಾದ ಲಾರಿಯ ಅಳತೆಯಲ್ಲಿ ನಲವತ್ತರಲ್ಲಿ ಒಂದು ಪಾಲು, ಅತ್ತೆ" ಎಂದು ಸೇರಿಸಿದೆ.

ಅತ್ತೆಗೆ ಪಾಲು ಎಂದರೆ ಹೊಲದ ಪಾಲು, ಬಾವಿಯ ಪಾಲು. ಒಂದು ಹುಣಸೆಮರದ ಪಾಲಿಗಾಗಿ ಮಳವಳ್ಳಿಯ ಕೋರ್ಟಿಗೆ ಅಲೆದವರು ಅವರು. ಬೊಂಬೆಯನ್ನು ಪಾಲುದಾರರಿಗೆ ಕೊಡುವ ಗುರುತೆಂದು ತಿಳಿದು, ದನಿ ತಗ್ಗಿಸಿ ಕೇಳಿದರು: "ಮಿಕ್ಕ ಮೂವತ್ತೊಂಬತ್ತು ಪಾಲು ಯಾರ್ ಕೈಲವೆ, ಮಗ?"

ತಮಾಷೆ ಎಂದುಕೊಂಡು ನಕ್ಕೆ. ಆಸ್ತಿವಂತರು ಹಾಗೆಯೇ ನಗುತ್ತಾರಂತೆ.

ಕಬ್ಬು ಕಡಿಯುವ ಕಾಲ ಹತ್ತಿರವಾದಾಗ ಕೊತ್ತತ್ತಿಯಿಂದ ಒಂದು ಸಂಬಂಧ ಬಂತು. ಗಂಡಿನ ತಂದೆಗೆ ಕಬ್ಬು ಬೇಕಾದಷ್ಟು, ಸಾಗಿಸಲು ಗಾಡಿ ಸಾಲದು. ಅತ್ತೆ ಬಲು ಹೆಮ್ಮೆಯಿಂದ ವರದಿ ಒಪ್ಪಿಸಿದರು: "ಬಿಯೆ ಓದವ್ಳೆ ಅಂದೆ, ಸುಮ್ಕಿದ್ರು. ಲಾರೀಲಿ ಪಾಲದೆ ಅಂದೆ, ನಾಳೀಕೇ ಬತ್ತೀವಿ ಅಂದ್ರು."

ನಾನು ಅಂಗಳಕ್ಕೂ ಅಡುಗೆಮನೆಗೂ ಓಡಾಡತೊಡಗಿದೆ. ಬಾಯಿ ಬಿಟ್ಟರೆ, ಬಿ.ಎ. ಹುಡುಗಿ ಬೊಂಬೆಯಾಡುತ್ತಾಳೆಂದು ಮದ್ದೂರಿನಿಂದ ಮಳವಳ್ಳಿಯವರೆಗೆ ನಗುತ್ತಾರೆ. ಬಿಡದಿದ್ದರೆ, ಇಲ್ಲದ ಲಾರಿಗೆ ಯಾರೋ ತಾಳಿ ಕಟ್ಟುತ್ತಾರೆ. ಅತ್ತೆಗೆ ಬಿಡಿಸಿ ಹೇಳಿದೆ. ಅವರು ನನ್ನ ಬೆನ್ನು ಸವರಿ, "ಆಸ್ತಿ ಗುಟ್ಟಾಗಿರ್ಲಿ, ತಪ್ಪಲ್ಲ. ಬೀಗರತ್ರ ಮಾತ್ರ ಗುಟ್ಟು ಮಾಡಬ್ಯಾಡ ಕಣವ್ವ" ಎಂದರು. ಆ ಇರುಳು ಹಾಸಿಗೆಯಲ್ಲಿ ಹೊರಳಿದಷ್ಟು ಯಾವ ಪರೀಕ್ಷೆಗೂ ಹೊರಳಿರಲಿಲ್ಲ.

ಅವರು ಬಂದರು. ಗಂಡಿನ ತಂದೆ ಉಪ್ಪಿಟ್ಟು ಮುಗಿಸಿ ಕೈ ಒರೆಸಿಕೊಂಡು, ನನ್ನನ್ನಲ್ಲ, ಹಿತ್ತಿಲನ್ನು ನೋಡುತ್ತ, "ಲಾರಿ ನೋಡಾನ" ಎಂದರು. ನಾನು ಎಲೆಅಡಿಕೆ ತಟ್ಟೆಯಲ್ಲಿ ಲಾರಿ ತಂದು ಮುಂದಿಟ್ಟೆ. ಅವರು ತಟ್ಟೆಯನ್ನು ನೋಡಿದರು, ಮಿಕ್ಕದ್ದು ಹಿಂದೆ ಬರುತ್ತಿದೆಯೇನೋ ಎಂದು ಬಾಗಿಲನ್ನು ನೋಡಿದರು.

"ಇದ್ರಲ್ಲಿ ಒಂದು ಕಬ್ಬಿನ ಜಲ್ಲೇನೂ ಇಡಿಯಾಕಿಲ್ವಲ್ಲವ್ವ."

"ಹಿಡಿಯುವುದಿಲ್ಲ" ಎಂದೆ. ಅವರು ಅತ್ತೆಯನ್ನು ನೋಡಿದರು. ಅತ್ತೆ ತೊಲೆ ನೋಡಿದರು. ಗಂಡಿನ ತಂದೆ ಎದ್ದು ಒಂದು ಚಪ್ಪಲಿಗೆ ಕಾಲು ತೂರಿಸಿದರು. ನನಗೆ ಉಸಿರು ಹಿಂತಿರುಗಿತು.

ತಂದೆಯ ಪಕ್ಕ ಕುಳಿತಿದ್ದ ಗಂಡು ಆಗ ಲಾರಿಯನ್ನು ಎತ್ತಿಕೊಂಡರು. ಬಣ್ಣಕ್ಕೆ ಬೆರಳು ತಾಗದಂತೆ, ಅಡಿಯಿಂದ. ಹಿಂದಿನ ಗಾಲಿಗಳ ಅಚ್ಚನ್ನು ತಿರುಗಿಸಿ ನೋಡಿ, ನನ್ನ ಕಡೆ ಕಣ್ಣೆತ್ತದೆ ಮೆಲ್ಲಗೆ ಕೇಳಿದರು: "ಮಿಕ್ಕವೆಲ್ಲ ಎಲ್ಲಿ ಅವೆ?"

ಒಂದಿದ್ದವರ ಹತ್ತಿರ ಇನ್ನೂ ಇರಲೇಬೇಕೆಂದು ಅದುವರೆಗೆ ಯಾರೂ ಊಹಿಸಿರಲಿಲ್ಲ.

"ಪೆಟ್ಟಿಗೆಯಲ್ಲಿವೆ" ಎಂದೆ. ನಿಖರವಾಗಿಯೇ.

ಅತ್ತೆಯ ಮುಖ ಅರಳಿತು. ಗಂಡಿನ ತಂದೆ ಚಪ್ಪಲಿ ಕಳಚಿ ಮತ್ತೆ ಕುಳಿತರು. ಮಿಕ್ಕ ಮೂವತ್ತೊಂಬತ್ತು ಪಾಲೂ ಹುಡುಗಿಯ ಪೆಟ್ಟಿಗೆಯಲ್ಲೇ ಇವೆಯೆಂಬ ಸುದ್ದಿ ಸಂಜೆಯ ಬಸ್ಸಿನಲ್ಲಿ ಕಿರುಗಾವಲು ಸೇರಿತು. ಇದನ್ನು ತಿದ್ದಬೇಕೆಂದು ದಿನವೂ ಬಾಯಿ ತೆರೆಯುತ್ತೇನೆ. ಆದರೆ ಕೊತ್ತತ್ತಿಯ ಕಡೆಯಿಂದ ಗಾಡಿ ಬಂದ ಸದ್ದಾದರೆ ಮುಚ್ಚಿಕೊಂಡು ಕಿಟಕಿಗೆ ಹೋಗುತ್ತೇನೆ. ಪೆಟ್ಟಿಗೆಯಲ್ಲಿ ಈಗ ಲಾರಿಗಳ ಕೆಳಗೆ ಸೀರೆಗಳಿವೆ.