ಮೀಟರಪ್ಪನ ಸಾದಾ ಕೌದಿ

ಈ ರಾದ್ಧಾಂತವೆಲ್ಲ ಶುರುವಾದದ್ದು ಒಂದು ಹೂವಿನ ಹಾರದಿಂದ. ಹೋದ ಭಾನುವಾರ ಬೀದಿಯ ಸಂಘದವರೆಲ್ಲ ಸೈನಿಕರ ಆಸ್ಪತ್ರೆಗೆ ಹೋಗಿ, ಹಾಸಿಗೆ ಹಿಡಿದ ಮಾಜಿ ಸೈನಿಕರಿಗೆ ಹಾರ ಹಾಕಿ ಫೋಟೋ ತೆಗೆಸಿಕೊಂಡರು. ಕಿಟಕಿ ಪಕ್ಕದ ಮುದುಕ ಸಿಪಾಯಿ ಮಾತ್ರ ಕೊರಳಿನ ಹಾರ ತೆಗೆದು, ಅದನ್ನು ಹಾಕಿದ ಮೀಟರಪ್ಪನ ಕೈಗೇ ವಾಪಸ್ ಕೊಟ್ಟ.

"ಹಾರ ಹೊದ್ಕೊಂಡು ಮಲಗೋಕಾಗುತ್ತೇನಪ್ಪಾ? ಇಲ್ಲಿ ಚಳಿ."

"ನಾನೇ ಒಂದು ಕೌದಿ ಹೊಲಿದು ತರ್ತೀನಿ ತಾತ. ಮುಂದಿನ ಭಾನುವಾರ."

"ತರ್ತೀನಿ ಅಂದೋರು ಬಹಳ ಜನ. ತಂದೋರನ್ನ ನಾನಿನ್ನೂ ನೋಡಿಲ್ಲ" ಎಂದು ಮುದುಕ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಆ ಮಾತು ಮೀಟರಪ್ಪನ ಎದೆಗೆ ಮುಳ್ಳಿನಂತೆ ನಾಟಿತು.

ಮೀಟರಪ್ಪ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವನು. ಸೂಜಿಯ ಕಣ್ಣೆಲ್ಲಿದೆ ಎಂದು ಹುಡುಕಲು ಅವನಿಗೆ ಒಂದು ಸಂಜೆ ಹಿಡಿಯಿತು. ಆದರೆ ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ವಾರವಿಡೀ ಕೂತು ಮನೆಯ ಹಳೆ ಬಟ್ಟೆಗಳನ್ನು ಚೌಕ ಚೌಕ ಕತ್ತರಿಸಿ ಜೋಡಿಸಿದ. ಹಳೆಯದು ಮುಗಿದ ಮೇಲೆ ಅಷ್ಟೇನೂ ಹಳೆಯದಲ್ಲದ್ದೂ ಹೋಯಿತು. ಹಾಗಾಗಿ ಈ ಭಾನುವಾರ ಮಧ್ಯಾಹ್ನ ಅವನ ಮೈಮೇಲಿದ್ದದ್ದು ಆಫೀಸಿನ ಖಾಕಿ ಪ್ಯಾಂಟು. ಮನೆಯಲ್ಲಿ ಉಳಿದಿದ್ದ ಪ್ಯಾಂಟೂ ಅದೊಂದೇ.

ನಡುಮನೆಯಲ್ಲಿ ಕಾಲು ಚಾಚಿ, ತೊಡೆಯ ಮೇಲೆ ಕೌದಿ ಹರಡಿಕೊಂಡು ಕೊನೆಯ ಸಾಲಿನ ಹೊಲಿಗೆ ಹಾಕುತ್ತಿದ್ದಾಗ ನಾದಿನಿ ಬಂದಳು. ಅವಳು ಶಾಲೆಯಲ್ಲಿ ಕಸೂತಿ ಟೀಚರ್.

"ಅಯ್ಯೋ ಭಾವ, ಇದೇನು, ನೆಲ ಒರೆಸೋ ಬಟ್ಟೆನಾ? ತನ್ನಿ ಇಲ್ಲಿ, ನಾಲ್ಕು ಮೂಲೆಗೂ ನವಿಲು ಹಾಕ್ತೀನಿ."

"ನವಿಲು ಚಳಿ ತಡೆಯುತ್ತೇನಮ್ಮಾ?"

"ಚೆಂದ ಕಾಣುತ್ತೆ."

"ಕಣ್ಣು ಮುಚ್ಚಿ ಮಲಗೋನಿಗೆ ಚೆಂದ ಕಟ್ಕೊಂಡು ಏನಾಗಬೇಕು? ಸಾದಾ ಅಂದ್ರೆ ಸಾದಾ!"

ಅವಳು ಮುಖ ಊದಿಸಿಕೊಂಡು ಅಕ್ಕನನ್ನು ಕರೆಯಲು ಅಡುಗೆಮನೆಗೆ ಹೋದಳು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಒಳಗೆ ಬಂದ. ಫೋಟೋ ಸ್ಟುಡಿಯೋ ಇಟ್ಟಿದ್ದರಿಂದ ಬೀದಿಗೆಲ್ಲ ಅವನು 'ಸ್ಟುಡಿಯೋ'. ಅವನ ಕೈಯಲ್ಲಿ ಊಟದ ತಟ್ಟೆಯಷ್ಟು ಅಗಲದ ಬಟ್ಟೆ. ಅದರ ಮೇಲೆ ಕೆಂಪಕ್ಷರದಲ್ಲಿ ಸಂಘದ ಹೆಸರು, ಅದಕ್ಕಿಂತ ದೊಡ್ಡದಾಗಿ ಕಾರ್ಯದರ್ಶಿಯ ಹೆಸರು.

"ಇದನ್ನ ಮಧ್ಯದಲ್ಲಿ ಹೊಲಿದುಬಿಡಿ ಸಾರ್. ಫೋಟೋದಲ್ಲಿ ಎದ್ದು ಕಾಣಬೇಕು."

"ಮುದುಕನ ಎದೆ ಮೇಲೆ ನಿಮ್ಮ ಹೆಸರಾ? ಅವರೇನು ನಿಮ್ಮ ಅಂಗಡಿ ಬೋರ್ಡಾ?"

"ಹೆಸರು ಬೇಡ ಅಂದ್ರೆ ಸಂಘದ ವ್ಯಾನಲ್ಲಿ ಜಾಗ ಇಲ್ಲ."

"ಬೇಡ ಹೋಗ್ರೀ! ಬಸ್ಸಿದೆ. ಬಸ್ಸಿಲ್ದಿದ್ರೆ ಕಾಲಿದೆ!"

ಸಿಟ್ಟು ಬಂದರೆ ಮೀಟರಪ್ಪನ ಕೈ ಓಡುತ್ತದೆ. ಕಣ್ಣು ಸ್ಟುಡಿಯೋ ಮೇಲೆ, ಕೈ ಕೌದಿಯ ಮೇಲೆ. ಒಂದೊಂದು ಮಾತಿಗೆ ನಾಲ್ಕು ನಾಲ್ಕು ಹೊಲಿಗೆ. ಕೊನೆಯ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, "ಮುಗೀತು!" ಎಂದು ಧಡಕ್ಕನೆ ಎದ್ದು ನಿಂತ.

ಅವನ ಜೊತೆ ಕೌದಿಯೂ ಎದ್ದು ನಿಂತಿತು. ಎಡ ತೊಡೆಯ ಪ್ಯಾಂಟನ್ನೂ ಕೌದಿಯ ಅಂಚಿಗೆ ಸೇರಿಸಿ ಹೊಲಿದುಬಿಟ್ಟಿದ್ದ.

"ಹಾಗೇ ಹೋಗಿ ಸಾರ್, ಪಾಪ ಸಿಪಾಯಿ ನಿಮ್ಮನ್ನೂ ಸೇರಿಸಿ ಹೊದ್ಕೊಳ್ಳಲಿ" ಎಂದು ಸ್ಟುಡಿಯೋ ಬಿದ್ದು ಬಿದ್ದು ನಕ್ಕ. ಅಕ್ಕನ ಜೊತೆ ಓಡಿಬಂದ ನಾದಿನಿ ಬಗ್ಗಿ ನೋಡಿ, "ಭಾವ, ಇದು ಹೊಲಿಗೆ ಅಲ್ಲ, ಸಿಕ್ಕು. ಬಿಚ್ಚೋಕೆ ರಾತ್ರಿಯಾಗುತ್ತೆ. ಮುಂದಿನ ವಾರ ಕೊಟ್ರೆ ಏನು ಮುಳುಗಿಹೋಗುತ್ತೆ?" ಎಂದಳು.

"ನಾನು ಕೊಟ್ಟ ಮಾತು ಮುಳುಗುತ್ತೆ. ಲೇ, ಕತ್ತರಿ ತಾ!"

"ರೀ, ಅದು ಆಫೀಸಿನ ಪ್ಯಾಂಟು!" ಎಂದು ಹೆಂಡತಿ ಕೂಗುವಷ್ಟರಲ್ಲಿ ಮೀಟರಪ್ಪ ಕೌದಿಯ ಒಂದು ಎಳೆಗೂ ತಾಗದಂತೆ ಪ್ಯಾಂಟನ್ನೇ ಕಚಕಚನೆ ಕತ್ತರಿಸಿಯಾಗಿತ್ತು. ತೊಡೆಯ ಮೇಲೆ ಕಿಟಕಿ ತೆರೆಯಿತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ತಲೆ ಎತ್ತಿ, ಕೌದಿಯನ್ನು ಮುಂದೆ ಗುರಾಣಿಯಂತೆ ಹಿಡಿದು ಬೀದಿಗಿಳಿದ. ಬಾಗಿಲು ಬಾಗಿಲಲ್ಲೂ ಜನ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಿಲ್ಲ; ಕೂತರೆ ಪ್ಯಾಂಟಿನ ಕಿಟಕಿ ಇನ್ನಷ್ಟು ಹರಿಯುವ ಹಾಗಿತ್ತು.

ಅವನು ವಾರ್ಡಿಗೆ ಕಾಲಿಟ್ಟಾಗ ಭೇಟಿಯ ಹೊತ್ತು ಇನ್ನೇನು ಮುಗಿಯುವುದರಲ್ಲಿತ್ತು. ಮುದುಕ ಸಿಪಾಯಿ ಗೋಡೆ ಕಡೆಯಿಂದ ಈ ಕಡೆ ತಿರುಗಿದ. ಕೌದಿಯನ್ನು ಕಂಡ. ಎಳೆದುಕೊಂಡು, ಇಲ್ಲದ ಕಾಲಿನ ಜಾಗಕ್ಕೂ ಸೇರಿಸಿ ಹೊದ್ದುಕೊಂಡ.

"ತಂದೇಬಿಟ್ಟೆಯಲ್ಲೋ!" ಎಂದ.

ಮೀಟರಪ್ಪನಿಗೆ ಜಗತ್ತಿನ ಎಲ್ಲ ನವಿಲುಗಳನ್ನೂ ಎಲ್ಲ ಕಾರ್ಯದರ್ಶಿಗಳನ್ನೂ ಗೆದ್ದೆ ಅನ್ನಿಸಿತು. ಅಷ್ಟರಲ್ಲಿ ಮುದುಕನ ಕೈ ಕೌದಿಯ ಅಡಿಯಲ್ಲಿ ಏನನ್ನೋ ತಡವಿ ನಿಂತಿತು.

"ಇದೇನಿದು?"

ಪ್ಯಾಂಟಿನ ತುಂಡು. ಬರೀ ತುಂಡಲ್ಲ, ಟಾರ್ಚು ಇಟ್ಟುಕೊಳ್ಳಲೆಂದು ಇಲಾಖೆಯವರು ತೊಡೆಯ ಮೇಲೆ ಇಡಿಸುವ ದೊಡ್ಡ ಜೇಬು, ಗುಂಡಿಯ ಸಮೇತ.

"ತಪ್ಪಾಯ್ತು ತಾತ, ಈಗಲೇ ಬಿಚ್ಚಿ..."

"ಮುಟ್ಟಿದ್ರೆ ನೋಡು!" ಮುದುಕ ಗುಡುಗಿದ. ಕನ್ನಡಕ, ಹಲ್ಲಿನ ಸೆಟ್ಟಿನ ಡಬ್ಬಿ, ಪುಟ್ಟ ರೇಡಿಯೋ ಎಲ್ಲವನ್ನೂ ಅದರೊಳಗೆ ತುಂಬಿ ಗುಂಡಿ ಹಾಕಿದ. "ದಿನಾ ರಾತ್ರಿ ಕನ್ನಡಕ ಮಂಚದಡಿಗೆ ಬೀಳುತ್ತೆ. ಇಳಿದು ಹುಡುಕೋಕೆ ನನಗೆ ಕಾಲೆಲ್ಲಿದೆ? ಕೌದಿ ಅಂದ್ರೆ ಇದು!"

ವಾರ್ಡಿನಲ್ಲಿ ಸುದ್ದಿ ಹಬ್ಬಿತು. "ನನಗೂ ಒಂದು!" "ನನಗೂ! ಜೇಬು ಇದೇ ತರಹದ್ದೇ ಇರಲಿ!"

"ಜೇಬು ಗೀಬು ಆಗಲ್ಲ" ಮೀಟರಪ್ಪ ಎದೆಯುಬ್ಬಿಸಿದ. "ನಾನು ಹೊಲಿಯೋದು ಸಾದಾ ಕೌದಿ."

"ಸಾದಾನೇ ಇರಲಿ, ಯಾರು ಬೇಡ ಅಂದ್ರು? ಜೇಬು ಮಾತ್ರ ಇರಲಿ" ಎಂದ ಮುದುಕ. ಆಮೇಲೆ ಅವನ ಕಣ್ಣು ಮೀಟರಪ್ಪನ ತೊಡೆಯ ಕಿಟಕಿಯ ಮೇಲೆ ಬಿತ್ತು. ಅಲ್ಲಿಂದ ಮೆಲ್ಲಗೆ ಬಲಗಾಲಿಗೆ ಸರಿಯಿತು.

"ಸಿಸ್ಟರ್! ಆ ಕಡೇ ಜೇಬು ಇನ್ನೂ ಹಾಗೇ ಇದೆ!"

ವಾರ್ಡಿಗೆ ವಾರ್ಡೇ ಮೀಟರಪ್ಪನ ಬಲ ತೊಡೆಯತ್ತ ತಿರುಗಿತು. ಅವನು ಎರಡೂ ಕೈಯಿಂದ ಅದನ್ನು ಅಪ್ಪಿಹಿಡಿದು ಗೋಡೆಗೆ ಒರಗಿದ. ನರ್ಸಮ್ಮ ಬ್ಯಾಂಡೇಜು ಕತ್ತರಿಸುವ ಕತ್ತರಿ ಹಿಡಿದು, ಇಂಜೆಕ್ಷನ್ನಿಗೆ ಹೆದರುವವರನ್ನು ದಿನಾ ನೋಡಿದವಳ ತಾಳ್ಮೆಯಿಂದ ಅವನ ಮುಂದೆ ಮಂಡಿಯೂರಿದಳು.

"ಅಲ್ಲಾಡಬೇಡಿ" ಎಂದಳು.