ಸಾಕ್ಷಿ ಬಾಟಲಿ

ಬಚ್ಚಲಿನ ಗೂಡಿನಲ್ಲಿ ಹೊಸ ಸೋಪೊಂದು ಕಾಗದ ಬಿಚ್ಚದೆ ಕೂತಿದ್ದೇ ಎಲ್ಲ ರಗಳೆಗೂ ಮೂಲ. ಅದನ್ನು ಮುಟ್ಟುವುದಿಲ್ಲವೆಂದು ಬಾಟ್ಲಿ ಮಾಮ ಶಪಥ ಮಾಡಿ ವಾರವಾಗಿತ್ತು.

ಬಾಟ್ಲಿ ಮಾಮ ಎಂದ ಮಾತ್ರಕ್ಕೆ ಕುಡುಕನೇನಲ್ಲ. ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ನದಿ, ಚರಂಡಿಗಳಿಂದ ಗಾಜಿನ ಬಾಟಲಿಗಳಲ್ಲಿ ನೀರು ತುಂಬಿ ತರುವುದು ಅವನ ಕೆಲಸ. ಈ ಹೆಸರು ಬೀದಿಯ ಮಕ್ಕಳು ಇಟ್ಟದ್ದು. ಹೆಂಡತಿ ಈ ವಾರ ಬೇರೆ ಹೆಸರುಗಳನ್ನೂ ಇಟ್ಟಿದ್ದಳು.

ಜನ ನುಂಗಿದ ಮಾತ್ರೆ, ಬಳಿದುಕೊಂಡ ಕ್ರೀಮು, ಎಸೆದ ಪ್ಲಾಸ್ಟಿಕ್ಕು ಎಲ್ಲದರ ಅಂಶವೂ ಚರಂಡಿ ಹಿಡಿದು ನದಿ ಸೇರುತ್ತದೆ. ಅಲ್ಲಿ ಹಾರ್ಮೋನಿನ ವೇಷ ಹಾಕಿಕೊಂಡು ಮೀನುಗಳ ಸಂಸಾರ ಕೆಡಿಸುತ್ತದೆ. ಗಂಡು ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕ ಮೇಲೆ ಊರಿಗೂ ಸ್ವಲ್ಪ ಎಚ್ಚರವಾಗಿತ್ತು. ಪರೀಕ್ಷೆ ಸುಲಭ. ಒಂದು ಜಾತಿಯ ಯೀಸ್ಟಿಗೆ ಆ ನೀರು ಕುಡಿಸಿದರೆ, ವೇಷಧಾರಿಗಳಿದ್ದಲ್ಲಿ ಅದರಲ್ಲಿ ಬೆರೆಸಿದ ಹಳದಿ ಬಣ್ಣ ಸಂಜೆಯೊಳಗೆ ಕೆಂಪಾಗುತ್ತದೆ.

ಕಷ್ಟವೆಲ್ಲ ನೀರು ತರುವವನದು. ಅವನ ಮೈಮೇಲಿನ ಸೋಪು, ಸೆಂಟು, ಮುಲಾಮು ಯಾವುದರ ಕಣ ಬಿದ್ದರೂ ಲೆಕ್ಕ ಕೆಟ್ಟಂತೆ. ಅದಕ್ಕಾಗಿ ಪ್ರತಿ ಸಲವೂ ಅತ್ಯಂತ ಶುದ್ಧ ನೀರು ತುಂಬಿದ ಒಂದು ಸಾಕ್ಷಿ ಬಾಟಲಿ ಜೊತೆಗೆ ಹೋಗುತ್ತಿತ್ತು. ನದಿ ನೀರು ತುಂಬುವಷ್ಟು ಹೊತ್ತು ಅದರ ಮುಚ್ಚಳವನ್ನೂ ತೆಗೆದಿಟ್ಟು, ಮತ್ತೆ ಮುಚ್ಚಿ ತರಬೇಕು. ಸಾಕ್ಷಿ ಹಳದಿಯಾಗಿಯೇ ಉಳಿದರೆ ತಂದವನು ಗೆದ್ದ. ಕೆಂಪಾದರೆ ಕೊಳೆ ನದಿಯದಲ್ಲ, ಅವನದೇ. ಬಾಟ್ಲಿ ಮಾಮನ ಸಾಕ್ಷಿ ಹಿಂದೆ ಎರಡು ಸಲ ಕೆಂಪಾಗಿ ಅವನ ಮಾನ ಕಳೆದಿತ್ತು.

ಈಗ ಪ್ರಯೋಗಾಲಯದೊಳಗೆ, ಫ್ಯಾನಿನ ಕೆಳಗೆ, ವರದಿ ಟೈಪ್ ಮಾಡುವ ಕುರ್ಚಿಯೊಂದು ಖಾಲಿಯಾಗಿತ್ತು. ಬಿಸಿಲಿಲ್ಲ, ಚರಂಡಿಯಿಲ್ಲ, ಸೋಪಿಗೆ ಅಡ್ಡಿಯಿಲ್ಲ. ಅದಕ್ಕೆ ಇಬ್ಬರೇ ಉಮೇದುವಾರರು: ಬಾಟ್ಲಿ ಮಾಮ, ಇನ್ನೊಬ್ಬ ಅವನ ಜೊತೆ ನೀರು ತರುವವನು, ಸದಾ ಸೆಂಟು ಬಳಿದುಕೊಂಡಿರುವುದಕ್ಕೆ ಎಲ್ಲರ ಬಾಯಲ್ಲಿ 'ಅತ್ತರು'. "ಇವತ್ತಿನ ಫಲಿತಾಂಶ ನೋಡಿ ಹೇಳ್ತೀನಿ" ಎಂದಿದ್ದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ.

"ಕುರ್ಚಿ ಸಿಕ್ಕಿದ್ರೆ ಸಂಜೆನೇ ಸೋಪು ಹಚ್ತೀನಿ ಕಣೇ" ಎಂದ ಬೆಳಿಗ್ಗೆ, ಹೆಂಡತಿಯಿಂದ ದೂರ ನಿಂತು.

"ಸಿಗದಿದ್ರೆ?"

"ಸಿಗದೆ ಎಲ್ಲಿಗೆ ಹೋಗುತ್ತೆ?"

"ಸಿಗದಿದ್ರೆ ನೀವು ಎಲ್ಲಿಗೆ ಹೋಗ್ತೀರಿ ಅಂತ ಈಗಲೇ ಯೋಚನೆ ಮಾಡ್ಕೊಳ್ಳಿ" ಎಂದಳು. ಮೂಗಿಗೆ ಸೆರಗು ಒತ್ತಿಕೊಂಡಿದ್ದ ಅತ್ತೆಯೂ ಮಗಳ ಮಾತಿಗೆ ತಲೆಯಾಡಿಸಿದರು.

ಪ್ರಯೋಗಾಲಯದ ಗೇಟಿನಲ್ಲಿ ಅತ್ತರು ಸಿಕ್ಕ. ಅವನಿಗಿಂತ ಮೊದಲು ಅವನ ಸೆಂಟು ಬಂತು.

"ಏನೋ ಇದು? ಇವತ್ತೂ ಹಚ್ಕೊಂಡಿದೀಯಾ?"

"ಒಂದೇ ಚೂರು ಗುರು. ನಂದು ಚರಂಡಿ ಡ್ಯೂಟಿ. ಬರೀ ಮೂಗಲ್ಲಿ ಅಲ್ಲಿ ನಿಲ್ಲೋಕಾಗುತ್ತಾ?"

ಬಾಟ್ಲಿ ಮಾಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕುರ್ಚಿ ತನ್ನದೇ ಎಂದುಕೊಂಡು ನದಿಯ ದಾರಿ ಹಿಡಿದ.

ದಡದ ಕೊನೆಯ ಕಲ್ಲಿನ ಮೇಲೆ ನಿಂತು ನದಿಯ ನೀರನ್ನು ತುಂಬಿ ಪೆಟ್ಟಿಗೆಯಲ್ಲಿಟ್ಟ. ಸಾಕ್ಷಿ ಬಾಟಲಿಯ ಮುಚ್ಚಳ ಇನ್ನೂ ಕೈಯಲ್ಲೇ ಇತ್ತು. ಅಷ್ಟರಲ್ಲಿ ವಾಕಿಂಗ್ ಬಂದಿದ್ದ ನಿವೃತ್ತ ಹೆಡ್‌ಮಾಸ್ತರರು ಸೊಳ್ಳೆ ಮುಲಾಮಿನ ಟ್ಯೂಬು ಹಿಡಿದು ಇಳಿದು ಬಂದರು.

"ಸೊಳ್ಳೆ ಜಾಸ್ತಿ ಇಲ್ಲಿ. ತಗೊಳ್ಳಪ್ಪ, ಸ್ವಲ್ಪ ಹಚ್ಕೋ."

ಬಾಟ್ಲಿ ಮಾಮ ಸಾಕ್ಷಿ ಬಾಟಲಿಯನ್ನು ಅವರಿಂದ ದೂರಕ್ಕೆ ಹಿಡಿದು ಕೂಗಿದ. "ಬೇಡಿ! ಹತ್ರ ಬರಬೇಡಿ ಸಾರ್!"

ಹೆಡ್‌ಮಾಸ್ತರರು ನಿಂತು ನೋಡಿದರು. ಕೆದರಿದ ತಲೆ, ವಾರದ ಗಡ್ಡ, ಕಾಲಡಿ ನದಿ, ಕೈಯಲ್ಲಿ ಮುಚ್ಚಳ ತೆಗೆದ ಬಾಟಲಿ. ಅವರಿಗೆ ಎಲ್ಲ ಅರ್ಥವಾಗಿಹೋಯಿತು. "ಯಾರಾದ್ರೂ ಬನ್ರಪ್ಪೋ! ಇಲ್ಲೊಬ್ಬ ಜೀವ ಕಳ್ಕೊಳ್ಳೋಕೆ ಹೊರಟಿದಾನೆ!"

ಗಾಳ ಹಾಕುತ್ತಿದ್ದ ದಢೂತಿಯೊಬ್ಬ ಓಡಿಬಂದ. ಸೇತುವೆಯ ಮೇಲೆ ಹೋಗುತ್ತಿದ್ದ ಬ್ಯೂಟಿ ಪಾರ್ಲರಿನಾಕೆಯೂ ಇಳಿದಳು. ಅವಳ ಎರಡೂ ಕೈಯಲ್ಲಿ ಕ್ರೀಮು ಹೊಳೆಯುತ್ತಿತ್ತು.

"ಅಣ್ಣಾ, ಆ ಬಾಟ್ಲಿ ನನ್ನ ಕೈಗೆ ಕೊಡಿ. ಏನಿದೆ ಅದರಲ್ಲಿ?"

"ಏನೂ ಇಲ್ಲಮ್ಮಾ!"

"ಏನೂ ಇಲ್ದೇ ಇರೋದನ್ನ ಯಾಕಪ್ಪಾ ಇಷ್ಟು ಜೋಪಾನ ಮಾಡ್ತಿದೀಯಾ?" ಎಂದರು ಹೆಡ್‌ಮಾಸ್ತರರು.

"ಏನೂ ಇಲ್ಲ ಅಂತ ಸಾಬೀತು ಮಾಡೋಕೇ ಸಾರ್ ತಂದಿರೋದು!"

ತಲೆ ಪೂರ್ತಿ ಕೆಟ್ಟಿದೆಯೆಂದು ಮೂವರಿಗೂ ಖಾತ್ರಿಯಾಯಿತು. "ಹೆಂಡತಿ ಏನಾದ್ರೂ ಅಂದ್ರಾ?" ಎಂದು ಕೇಳುತ್ತ ಪಾರ್ಲರಿನಾಕೆ ಎರಡೂ ಕೈ ಚಾಚಿದಳು. ಆ ಕ್ರೀಮಿಗೆ ಹೆದರಿ ಬಾಟ್ಲಿ ಮಾಮ ಒಂದು ಹೆಜ್ಜೆ ಹಿಂದಿಟ್ಟ. ಹಿಂದೆ ಕಲ್ಲು ಇರಲಿಲ್ಲ.

ಎದೆಮಟ್ಟ ನೀರಿನಲ್ಲಿ ಅವನೆದ್ದು ನಿಂತಾಗ ಬಾಟಲಿ ಹಿಡಿದ ಕೈ ಮಾತ್ರ ಆಕಾಶ ನೋಡುತ್ತಿತ್ತು. ಇನ್ನೊಂದು ಕೈಯಿಂದ ಮುಚ್ಚಳ ಬಿಗಿದ. ಗಾಳದವನು ಅಂಗಿಯ ಕಾಲರು ಹಿಡಿದು ಅವನನ್ನು ದಡಕ್ಕೆ ಎಳೆದುಹಾಕಿದ. ಹೆಡ್‌ಮಾಸ್ತರರು ಪೆಟ್ಟಿಗೆಯ ಮೇಲಿದ್ದ ಅವನ ಫೋನು ತೆಗೆದು ಮನೆಗೇ ಕರೆ ಮಾಡಿದರು.

"ಅಮ್ಮಾ, ನಿಮ್ಮ ಯಜಮಾನ್ರು ನದೀಲಿ ಬಿದ್ದಿದ್ರು."

"ಅಯ್ಯೋ ದೇವರೇ! ಜೀವಕ್ಕೇನೂ ಆಗಿಲ್ಲ ತಾನೆ?"

"ಇಲ್ಲಮ್ಮಾ, ಕ್ಷೇಮ."

"ಸದ್ಯ. ಹಾಗಾದ್ರೆ ಇನ್ನೊಂದು ಸಲ ಮುಳುಗಿಸಿ, ಒಂದು ಸೋಪು ಹಚ್ಚಿ ಕಳಿಸ್ತೀರಾ?"

ಸಂಜೆ ಪ್ರಯೋಗಾಲಯದ ಮೇಜಿನ ಸುತ್ತ ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ನದಿಯ ನೀರು ಕೆಂಪಾಗಿತ್ತು. ಚರಂಡಿಯ ನೀರು ಇನ್ನೂ ಕೆಂಪಾಗಿತ್ತು. ಅತ್ತರುವಿನ ಸಾಕ್ಷಿ ಆ ಚರಂಡಿಯನ್ನೂ ಮೀರಿಸಿತ್ತು. ಬಾಟ್ಲಿ ಮಾಮನ ಸಾಕ್ಷಿ ಮಾತ್ರ ಅಚ್ಚ ಹಳದಿ.

"ಶಭಾಷ್!" ಎಂದರು ಮೇಡಂ. "ಕೊಳೆ ನದೀದೇ ಅಂತ ಈಗ ಧೈರ್ಯವಾಗಿ ಹೇಳಬಹುದು. ಯಾರೂ ನಮ್ಮ ಕಡೆ ಬೆರಳು ತೋರ್ಸೋ ಹಾಗಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು, ಸ್ವಲ್ಪ ದೂರದಿಂದ. ಬಾಟ್ಲಿ ಮಾಮನ ಕಣ್ಣು ತುಂಬಿಬಂತು. ನೌಕರಿ ಸೇರಿದ ಮೇಲೆ ಯಾರೂ ಅವನಿಗೆ ಚಪ್ಪಾಳೆ ತಟ್ಟಿರಲಿಲ್ಲ.

ಮೇಡಂ ಅತ್ತರುವಿನ ಕಡೆ ತಿರುಗಿದರು. "ನೋಡ್ರಿ, ನಿಮ್ಮನ್ನ ಇನ್ನೊಂದು ಸಲ ಹೊರಗೆ ಕಳಿಸಿದ್ರೆ ನಮ್ಮ ಮರ್ಯಾದೆ ಹೋಗುತ್ತೆ. ನಾಳೆಯಿಂದ ಒಳಗೆ ಆ ಕುರ್ಚೀಲಿ ಕೂತು ವರದಿ ಟೈಪ್ ಮಾಡಿ. ಸಂಬಳ ಅಷ್ಟೇ."

ಬಾಟ್ಲಿ ಮಾಮ ಒಂದು ಹೆಜ್ಜೆ ಮುಂದೆ ಬಂದ. "ಮೇಡಂ, ಹಾಗಾದ್ರೆ ನಾನು?"

"ನಿಮ್ಮಂಥ ಅಪರೂಪದವರನ್ನ ಕುರ್ಚೀಲಿ ಕೂರಿಸಿ ಹಾಳು ಮಾಡ್ತಾರೇನ್ರಿ? ಇನ್ಮೇಲೆ ನದಿ, ಕೆರೆ, ಚರಂಡಿ ಎಲ್ಲಾ ನಿಮ್ಮದೇ, ದಿನಾ. ಒಂದೇ ಮಾತು, ಈ ವಾರ ಹೇಗಿದ್ರೋ ಮುಂದೆನೂ ಹಾಗೇ ಇರಿ."

ಮನೆಯ ಬಾಗಿಲಲ್ಲಿ ಹೆಂಡತಿ ಟವೆಲು ಹಿಡಿದು ಕಾಯುತ್ತಿದ್ದಳು. ಬಚ್ಚಲಲ್ಲಿ ಬಿಸಿನೀರು ಹೊಗೆಯಾಡುತ್ತಿತ್ತು.

"ಕುರ್ಚಿ ಸಿಕ್ತಾ?"

"ಸಿಕ್ತು ಕಣೇ" ಎಂದ ಬಾಟ್ಲಿ ಮಾಮ. "ಅತ್ತರುಗೆ."

ಅವನು ಉಳಿದದ್ದನ್ನೂ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಒಳಗೆ ಹೋಗಿ ಅವನ ಚಾಪೆ ದಿಂಬು ತಂದಳು. ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ಬೆರಳೆತ್ತಿ ನೋಡಿ, ವರಾಂಡದ ಆ ತುದಿಯಲ್ಲಿ ಹಾಸಿಕೊಟ್ಟಳು.