ಅಣ್ಣನ ಫೈಬರ್, ತಮ್ಮನ ತಂತಿ

ಕಂಬ ಹತ್ತುವ ಕೆಲಸ ಮಾಡುವವನಿಗೆ ನಗಲು ಕಾರಣ ಹುಡುಕಬೇಕಾಗಿಲ್ಲ, ಅದು ತಾನಾಗಿ ಏಣಿಯ ಕೆಳಗೆ ಬಂದು ನಿಲ್ಲುತ್ತದೆ. ಮನೆಯವರು ಬಾಗಿಲು ಮುಚ್ಚಿಕೊಂಡು ಆಡುವ ಮಾತು ಅವನ ಕಿವಿಗೆ ಬೀಳುತ್ತದೆ, ಹಿತ್ತಲಲ್ಲಿ ಮಾಡುವ ಕೆಲಸ ಕಣ್ಣಿಗೆ ಬೀಳುತ್ತದೆ. ಅಥಣಿ ಕಡೆಯ ಹಳ್ಳಿಗಳಲ್ಲಿ ನಾನು ಲೈನ್‌ಮನ್ ಆಗಿ ಬಹಳ ವರ್ಷ ತಿರುಗಿದೆ. ಮೊದಲು ಬರೀ ಟೆಲಿಫೋನು, ಆಮೇಲೆ ಅದೇ ತಾಮ್ರದ ತಂತಿಯಲ್ಲಿ ಬ್ರಾಡ್‌ಬ್ಯಾಂಡು, ಕಡೆಗೆ ಫೈಬರು. ಐಗಳಿ ಎಂಬ ಊರಿಗೆ ಮೊದಲ ಫೈಬರ್ ಎಳೆದವನು ನಾನೇ. ಯಾರೂ ಕೇಳದಿದ್ದರೂ ಇದನ್ನು ನಾನು ಹೇಳುತ್ತೇನೆ, ನನ್ನ ಹೆಂಡತಿಗೆ ಕೇಳಿ ಕೇಳಿ ಸಾಕಾಗಿದೆ.

೧. ಇಬ್ಬರು ಕೊಟ್ಟ ಮಾತು

ಆ ಮೊದಲ ಫೈಬರ್ ಹೋದದ್ದು ಒಂದು ದೊಡ್ಡ ಒಕ್ಕಲು ಮನೆಗೆ. ಅಲ್ಲಿ ಅಣ್ಣ, ತಮ್ಮ ಇಬ್ಬರು. ಭಾಗವಾದಾಗ ಕಬ್ಬಿನ ಹೊಲ, ದ್ರಾಕ್ಷಿ ತೋಟ ಎಲ್ಲ ಎರಡಾಗಿ, ಮನೆಯ ನಡುವೆಯೂ ಒಂದು ಗೋಡೆ ಎದ್ದಿತ್ತು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಹೇಳಬೇಕಾದದ್ದನ್ನು ಗೋಡೆಗೆ ಹೇಳುವುದು, ಆಚೆಯವನು ಕೇಳಿಸಿಕೊಂಡು ತನ್ನ ಕಡೆಯಿಂದ ಗೋಡೆಗೇ ಉತ್ತರ ಕೊಡುವುದು.

ಫೈಬರ್ ಹಾಕಿಸಿದವನು ಅಣ್ಣ. ನಾನು ಮೋಡೆಮ್ಮಿನ ಡಬ್ಬಿಯನ್ನು ಗೋಡೆಗೆ ಹಚ್ಚಿ ಚಾಲೂ ಮಾಡಿ ಹೊರಗೆ ಬಂದರೆ ಓಣಿಯ ತುಂಬ ಜನ. ಅಣ್ಣ ಕಟ್ಟೆಯ ಮೇಲೆ ನಿಂತು ಗೋಡೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದ: "ಎಲ್ಲಾರೂ ಕೇಳ್ರಿ! ಊರಾಗ ಮೊದಲನೇ ಫೈಬರ್ ನಮ್ಮದು. ನಾ ಇರೂತನಕ ಇದು ಈ ಮನಿ ಬಿಟ್ಟು ಹೋಗಾಂಗಿಲ್ಲ!"

ಗೋಡೆಯ ಆಚೆಯಿಂದ ತಮ್ಮನ ದನಿ ಬಂತು: "ಕೆಲಸ ಇಲ್ಲದವ್ರಿಗೆ ಬೇಕದು. ನಾ ಸತ್ತರೂ ಹಳೇ ತಂತಿ ಬಿಡಾಂಗಿಲ್ಲ!"

ಊರವರ ಮುಂದೆ ಇಬ್ಬರೂ ಹೀಗೆ ಮಾತು ಕೊಟ್ಟರು. ನಾನು ಕೇಳಿದ್ದು ಬರೀ ಒಂದು ಸಹಿ.

೨. ಪೂಜೆ

ಆ ವರ್ಷದ ಮಹಾನವಮಿಯ ಮರುದಿನವೇ ಅಣ್ಣನ ಫೋನು. "ಫೈಬರ್ ಬಂದ್ ಬಿದ್ದೈತ್ರಿ. ನಾವಂತೂ ಏನೂ ಮಾಡಿಲ್ಲ."

ಹೋಗಿ ನೋಡಿದರೆ ಗೋಡೆಯ ಮೇಲೆ ಡಬ್ಬಿ ಇಲ್ಲ. ಪಡಸಾಲೆಯಲ್ಲಿ ಕುಡಗೋಲು, ಕೊಡಲಿ, ಟ್ರ್ಯಾಕ್ಟರಿನ ಪಾನಾ ಇವುಗಳ ಸಾಲಿನಲ್ಲಿ ಅದೂ ಕುಳಿತಿತ್ತು. ಖಂಡೇಪೂಜೆಗೆ ದುಡಿಯುವ ಸಾಮಾನೆಲ್ಲ ತೊಳೆದು ಇಡುವುದು ನಮ್ಮ ಕಡೆಯ ಪದ್ಧತಿ. ಡಬ್ಬಿಯೂ ದುಡಿಯುತ್ತದಲ್ಲ, ಅದನ್ನೂ ತೊಳೆದಿದ್ದರು. ಮೈತುಂಬ ವಿಭೂತಿ, ನಡುವೆ ಕುಂಕುಮ. ಫೈಬರಿನ ತುದಿಗೂ ಅರಿಷಿಣ ಹಚ್ಚಿದ್ದರು.

"ಯಜಮಾನ್ರ, ಇದಕ್ಕ ನೀರು ಯಾಕ ಹಾಕಿದ್ರಿ?" ಅಂದೆ.

ಅವನಿಗೆ ನಿಜಕ್ಕೂ ಬೇಸರವಾಯಿತು. "ಹೊಲಸ ಡಬ್ಬಿ ದೇವರ ಮುಂದ ಇಡೂದೇನ್ರಿ?"

೩. ಗಂಟು

ಕಬ್ಬಿನ ಹಂಗಾಮು ಬಂದರೆ ನನಗೆ ಊಟಕ್ಕೆ ಪುರಸೊತ್ತಿರುವುದಿಲ್ಲ. ಟ್ರ್ಯಾಕ್ಟರಿನವರು ಟ್ರೇಲರಿನ ಮೇಲೆ ಕಬ್ಬನ್ನು ಮಾಳಿಗೆಯ ಎತ್ತರಕ್ಕೆ ಹೇರುತ್ತಾರೆ, ಓಣಿಯಲ್ಲಿ ಅಡ್ಡ ಬಂದ ತಂತಿಯನ್ನೆಲ್ಲ ಕಿತ್ತುಕೊಂಡು ಫ್ಯಾಕ್ಟರಿಗೆ ಹೋಗುತ್ತಾರೆ. ತಾಮ್ರದ ಕಾಲದಲ್ಲಿ ಅಣ್ಣ ನನ್ನನ್ನು ಕರೆಯುತ್ತಲೇ ಇರಲಿಲ್ಲ. ಹರಿದ ತುದಿಗಳನ್ನು ಹಲ್ಲಿನಿಂದ ಸುಲಿದು, ಹೊಸೆದು, ಟೇಪು ಸುತ್ತಿ ತಾನೇ ಮಾತಾಡಲು ಶುರು ಮಾಡುತ್ತಿದ್ದ. ಅವನ ಕೈಕೆಲಸ ಚೊಕ್ಕಟವಾಗಿಯೂ ಇರುತ್ತಿತ್ತು.

ಫೈಬರ್ ಹರಿದಾಗಲೂ ಅದನ್ನೇ ಮಾಡಿದ್ದ. ನಾನು ಹೋದಾಗ ಕಂಬದ ಕೆಳಗೆ ಎತ್ತಿನ ಹಗ್ಗಕ್ಕೆ ಹಾಕುವಂಥ ಗಂಟು. "ಎಳದ ನೋಡ್ರಿ ಲೈನ್‌ಮನ್ನರ, ಜೋಡೆತ್ತು ಕಟ್ಟಿದ್ರೂ ಬಿಚ್ಚಾಂಗಿಲ್ಲ."

ಇದು ಗಾಜಿನ ಎಳೆ, ಒಳಗೆ ಬೆಳಕು ಓಡುತ್ತದೆ, ಚಿಕ್ಕೋಡಿಯಿಂದ ಮಶೀನು ತಂದು ಬೆಸೆಯಬೇಕು ಎಂದು ತಿಳಿಸಿ ಹೇಳಿದೆ. ಮಶೀನು ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನವೂ ಗೋಡೆಯ ಆಚೆ ತಮ್ಮ ತನ್ನ ಹಳೇ ತಂತಿಯ ಮೇಲೆ ಭಜನೆ ಹಚ್ಚಿ ದನಿ ಪೂರ್ತಿ ಏರಿಸಿ ಇಟ್ಟಿದ್ದನಂತೆ.

ಗಂಟು ಮಾತ್ರ ನಮ್ಮಿಂದ ಬಿಚ್ಚಲು ಆಗಲಿಲ್ಲ. ಕತ್ತರಿಸಿಯೇ ತೆಗೆದೆವು.

೪. ತೆಗೆಯುವುದೋ ಬಿಡುವುದೋ

ಮುಂದಿನ ಬೇಸಿಗೆಯಲ್ಲಿ ಅಣ್ಣ ನನ್ನನ್ನು ದ್ರಾಕ್ಷಿ ತೋಟಕ್ಕೆ ಕರೆಸಿದ. ಬಳ್ಳಿಯ ಚಪ್ಪರದ ಕೆಳಗೆ ಕೂರಿಸಿ, ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದ: "ಫೈಬರ್ ತಗದು ಮತ್ತ ಹಳೇ ಬ್ರಾಡ್‌ಬ್ಯಾಂಡಿಗೆ ಬಂದ್ರ ಹೆಂಗ್ರಿ? ನಾ ನೋಡೂದು ಬರೀ ಕುಸ್ತಿ. ಅದು ಅದರಾಗೂ ಬರತೈತಿ. ಹರಿದ್ರ ನಾನ ಜೋಡಸ್ಕೋತೀನಿ. ಇದಾದ್ರ ನಿಮ್ಮ ಮಶೀನಿನ ದಾರಿ ಕಾಯಬೇಕು."

ನನಗೆ ಒಳಗೊಳಗೇ ಕೆಟ್ಟದೆನಿಸಿತು. ಊರಿನ ಮೊದಲ ಫೈಬರು, ನಾನೇ ಎಳೆದದ್ದು, ಈಗ ನಾನೇ ಬಿಚ್ಚಬೇಕು. ಆದರೆ ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಕುಸ್ತಿ ನೋಡಲು ಅಷ್ಟು ವೇಗ ಬೇಡ, ಪೈಲ್ವಾನರೇ ಅರ್ಧ ತಾಸು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿರುತ್ತಾರೆ.

"ಅರ್ಜಿ ಬರೀರಿ" ಅಂದೆ.

"ಬರೀತೀನಿ. ಆದರ ತಮ್ಮಗ ಗೊತ್ತಾಗಬಾರದು. ಗೊತ್ತಾತಂದ್ರ ನಾ ಓಣ್ಯಾಗ ತಲಿ ಎತ್ತಾಂಗಿಲ್ಲ. ಡಬ್ಬಿ ಗ್ವಾಡಿ ಮ್ಯಾಲೆ ಹಾಂಗ ಇರಲಿ, ದೀಪ ಹತ್ತಿರಲಿ."

ನಾಲ್ಕು ದಿನ ಕಳೆಯುವುದರೊಳಗೆ ತಮ್ಮ ಕರೆಸಿದ. ಅವನು ಕೂರಿಸಿದ್ದು ಎಮ್ಮೆಯ ಕೊಟ್ಟಿಗೆಯಲ್ಲಿ. ಅವನ ಒಣದ್ರಾಕ್ಷಿಯನ್ನು ಸಾಂಗ್ಲಿಯ ವ್ಯಾಪಾರಿಗಳು ಈಗ ವಿಡಿಯೋದಲ್ಲೇ ನೋಡಿ ದರ ಹೇಳುತ್ತಿದ್ದರಂತೆ. ಹಳೇ ತಂತಿಯಲ್ಲಿ ಚಿತ್ರ ನಿಂತುಬಿಡುತ್ತಿತ್ತು. "ಮೊನ್ನಿ ನನ್ನ ಮಾರಿ ಬಾಯಿ ತಗದಿದ್ದು ತಗದಂಗ ನಿಂತಬಿಟ್ಟಿತ್ರಿ. ವ್ಯಾಪಾರಿ ಹೆದರಿ, 'ಅಹೋ, ಕಾಯ ಝಾಲಂ, ಏನಾತು?' ಅಂತ ನಮ್ಮ ಮನಿಯಾಕಿಗೆ ಫೋನ್ ಹಚ್ಚಿದ. ಫೈಬರ್ ಹಾಕ್ರಿ. ಆದರ ಅಣ್ಣಗ ಗೊತ್ತಾಗಬಾರದು."

"ನೀವು ಹಳೇ ತಂತಿ ಬಿಡಾಂಗಿಲ್ಲ ಅಂದಿದ್ರೆಲ್ಲ ಸಾವ್ಕಾರ್ರ?"

"ಸತ್ತರೂ ಬಿಡಾಂಗಿಲ್ಲ ಅಂದಿದ್ದೆ. ಬದಕಿದ್ದಾಗಿಂದು ಬ್ಯಾರೆ."

೫. ಅದಲು ಬದಲು

ಇಬ್ಬರೂ ಬೇರೆ ಬೇರೆ ಗಾಡಿಯಲ್ಲಿ ನಿಪ್ಪಾಣಿಯ ಒಂದೇ ಮದುವೆಗೆ ಹೋದ ದಿನ ನಾನು ಕೆಲಸ ಮುಗಿಸಿದೆ. ಓಣಿಯ ಕಂಬದಿಂದ ಅಣ್ಣನ ಮನೆಗೆ ಬರುತ್ತಿದ್ದ ಫೈಬರನ್ನು ಮಾಳಿಗೆಯ ಮೇಲೆ ಸರಿಸಿ ಗೋಡೆಯ ಆಚೆ ಇಳಿಸಿದೆ. ಹಿಂದಿನ ಬೀದಿಯಿಂದ ತಮ್ಮನಿಗೆ ಬರುತ್ತಿದ್ದ ತಾಮ್ರದ ತಂತಿಯನ್ನು ಈಚೆ ತಂದೆ. ತಮ್ಮನ ಹೊಸ ಡಬ್ಬಿ ದೇವರ ಕೋಣೆಯ ಕದದ ಹಿಂದೆ ಕುಳಿತಿತು. ಹೊರಗಿನಿಂದ ನೋಡಿದರೆ ಒಂದು ಮೊಳೆಯೂ ಸರಿದಂತೆ ಕಾಣುತ್ತಿರಲಿಲ್ಲ. ನನ್ನ ಕೆಲಸದ ಮೇಲೆ ನನಗೆ ಬಂದಷ್ಟು ಅಭಿಮಾನ ಅವತ್ತು ಬೇರೆ ಯಾರಿಗೂ ಬಂದಿರಲಿಕ್ಕಿಲ್ಲ, ಯಾಕಂದರೆ ಯಾರಿಗೂ ತೋರಿಸುವ ಹಾಗೆ ಇರಲಿಲ್ಲ.

ಫೈಬರ್ ಡಬ್ಬಿಗೆ ಬೆಳಕು ಬರುತ್ತಿದ್ದರೆ ಹಸಿರು ದೀಪ, ಬೆಳಕು ನಿಂತರೆ ಕೆಂಪು. ಅಣ್ಣನ ಗೋಡೆಯ ಮೇಲೆ ಉಳಿದ ಡಬ್ಬಿ ಬರೀ ಕರೆಂಟಿನ ಮೇಲಿತ್ತು, ಹಾಗಾಗಿ ಕೆಂಪು ದೀಪ ಮಿಣುಕಲು ಹತ್ತಿತು. ಮದುವೆಯಿಂದ ಬಂದವನು ಅದನ್ನು ನೋಡಿ ಕಟ್ಟೆಯ ತನಕ ಇಳಿದುಹೋಗಿ, ತಿರುಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿದ. ಈ ದೀಪದಿಂದ ಗುಟ್ಟು ಹೊರಬಿತ್ತು ಅನ್ನುತ್ತಾನೆ ಅಂದುಕೊಂಡೆ.

"ಹಸಿರಿಗಿಂತ ಇದ ಬೇಸ್ ಐತಿ ನೋಡ್ರಿ" ಅಂದ. "ಓಣಿ ತನಕಾ ಎದ್ದ ಕಾಣತೈತಿ."

೬. ಟ್ರ್ಯಾಕ್ಟರು

ಮತ್ತೆ ಹಂಗಾಮು ಬಂತು. ಒಂದು ದಿನ ಬೆಳಿಗ್ಗೆ ನಾನು ಅದೇ ಓಣಿಯ ಇನ್ನೊಂದು ಮನೆಯಲ್ಲಿದ್ದೆ. ಹೊರಗೆ ಫಟ್ ಅಂತ ಸಪ್ಪಳ. ಓಡಿ ಬಂದೆ. ಅಣ್ಣನದೇ ಟ್ರ್ಯಾಕ್ಟರು, ಅಣ್ಣನದೇ ಕಬ್ಬು, ಮೇಲೆ ಹರಿದು ಜೋತು ಬಿದ್ದಿದ್ದ ಫೈಬರು.

ಜನ ಕೂಡಿದರು. ಎಲ್ಲರ ಲೆಕ್ಕದಲ್ಲಿ ಅದು ಅಣ್ಣನ ಫೈಬರು. ಅದು ಅವನಿಗೂ ನೆನಪಾಯಿತು. ಹಣೆಗೆ ಕೈ ಹಚ್ಚಿಕೊಂಡು, "ಅಯ್ಯೋ, ನನ್ನ ಫೈಬರ್ ಹೋತಲ್ಲೋ!" ಎಂದು ಚೆನ್ನಾಗಿಯೇ ಕೂಗಿದ. ತೊಂದರೆ ಅಂದರೆ, ಒಳಗೆ ಹಳೇ ತಂತಿಯ ಮೇಲೆ ಅವನ ಕುಸ್ತಿ ನಿಲ್ಲದೆ ನಡೆದಿತ್ತು, ಕುಸ್ತಿಯ ಜನ ಚಪ್ಪಾಳೆ ಹೊಡೆಯುವುದು ಓಣಿಗೆ ಕೇಳುತ್ತಿತ್ತು.

ಗೋಡೆಯ ಆಚೆಯ ಬಾಗಿಲಿಂದ ತಮ್ಮ ಬರಿಗಾಲಲ್ಲಿ ಬಂದ. ಒಂದು ಕೈಯಲ್ಲಿ ಒಣದ್ರಾಕ್ಷಿ, ಇನ್ನೊಂದರಲ್ಲಿ ಮೊಬೈಲು. ವಿಡಿಯೋ ನಿಂತದ್ದಕ್ಕೆ ಫೋನ್ ಹಚ್ಚಿದ್ದ ಸಾಂಗ್ಲಿಯ ವ್ಯಾಪಾರಿ ಅದರೊಳಗೆ, "ಅಹೋ, ಕಾಹೀ ದಿಸತ ನಾಹೀ!" ಎಂದು ಒದರುತ್ತಿದ್ದ. ಏನೂ ಕಾಣುತ್ತಿಲ್ಲವಂತೆ. ಇಬ್ಬರೂ ನನ್ನ ಮುಖ ನೋಡಿದರು. ಗುಟ್ಟು ಬಿಡುವುದಿಲ್ಲ ಎಂದು ಇಬ್ಬರಿಗೂ ಮಾತು ಕೊಟ್ಟವನು ನಾನು. ಏಣಿಯ ಮೆಟ್ಟಿಲು ಎಣಿಸುತ್ತ ನಿಂತೆ.

ಅಷ್ಟರಲ್ಲಿ ಅಣ್ಣನ ಕೈ ತನ್ನ ಹಳೆಯ ಚಾಳಿಗೆ ಹೋಯಿತು. ಹರಿದ ಎರಡೂ ತುದಿ ಹಿಡಿದು ಹಲ್ಲಿಗೆ ಒಯ್ದ.

ತಮ್ಮ ಚೀರಿದ: "ಅಣ್ಣಾ, ಗಂಟ ಹಾಕಬ್ಯಾಡೋ! ಗಾಜಿಂದದು, ಬೆಳಕ ಹೋಗಾಂಗಿಲ್ಲ! ನನ್ನ ಒಣದ್ರಾಕ್ಷಿ ಯಾಪಾರ ನಿಂತೈತಿ!"

ಭಾಗವಾದ ಮೇಲೆ ಅವನು ಗೋಡೆಗಲ್ಲದೆ ಅಣ್ಣನಿಗೆ ಆಡಿದ ಮೊದಲ ಮಾತು ಅದು. ಅಣ್ಣ ಫೈಬರನ್ನು ಬಾಯಿಂದ ತೆಗೆದ. ಮಾಳಿಗೆಯ ಮೇಲೆ ಅದು ಹೋದ ದಾರಿಯನ್ನು ಗೋಡೆಯ ಆಚೆಯ ತನಕ ಕಣ್ಣಿನಿಂದಲೇ ಹಿಡಿದುಕೊಂಡು ಹೋದ. ನನ್ನ ಕಡೆ ತಿರುಗಿದ. ನಾನು ಏಣಿಯ ಹಿಂದೆ ಸರಿದೆ.

ಆಮೇಲೆ ಅವನ ಎದೆ ಉಬ್ಬಿತು. ಮತ್ತೆ ಅದೇ ಕಟ್ಟೆ ಹತ್ತಿದ. "ನಾ ಅವತ್ತ ಏನ್ ಹೇಳಿದ್ದೆ? ಫೈಬರ್ ಈ ಮನಿ ಬಿಟ್ಟು ಹೋಗಾಂಗಿಲ್ಲ ಅಂದಿದ್ದೆ. ಹೋಗೈತೇನ? ನಡುವ ಗ್ವಾಡಿ ಹಾಕಿದ್ರ ಮನಿ ಎರಡಾಗತೈತೇನ?"

ತಮ್ಮ ತನ್ನ ಕೈಯಲ್ಲಿದ್ದ ಒಣದ್ರಾಕ್ಷಿಯನ್ನು ಅಣ್ಣನ ಮುಂದೆ ಹಿಡಿದ, ಅಣ್ಣ ಅದರಲ್ಲಿ ಎರಡನ್ನು ಬಾಯಿಗೆ ಹಾಕಿಕೊಂಡ. ನನ್ನ ಕಣ್ಣು ತುಂಬಿ ಬಂದವು, ಸುಳ್ಳು ಯಾಕೆ ಹೇಳಲಿ. ಐಗಳಿಯ ಮೊದಲ ಫೈಬರು ಇನ್ನೂ ಅದೇ ಮನೆಯಲ್ಲಿತ್ತು.

ಅಣ್ಣ ತಮ್ಮನ ಹೆಗಲ ಮೇಲೆ ಕೈಯಿಟ್ಟು, ಭಾಗವಾದ ಮೇಲೆ ಮೊದಲ ಸಲ ಗೋಡೆಯ ಆಚೆಯ ಬಾಗಿಲು ದಾಟಿದ. ನಾನೂ ಹಿಂದೆ ಹೋದೆ. ದೇವರ ಕೋಣೆಯ ಕದ ಸರಿಸಿದರೆ, ಬೆಳಕು ನಿಂತುಹೋದ ಡಬ್ಬಿಯಲ್ಲಿ ದೀಪ ಕೆಂಪಗೆ ಮಿಣುಕುತ್ತಿತ್ತು.

ಅಣ್ಣ ಅದನ್ನು ನೋಡಿ ತಮ್ಮನ ಬೆನ್ನ ಮೇಲೆ ಒಂದು ಗುದ್ದು ಹಾಕಿದ. "ಸುಮ್ಮನ ಯಾಕ ಒದರ್ಯಾಡಾಕತ್ತಿದ್ದೀಲೇ? ಕೆಂಪು ದೀಪ ಬಂದೈತಿ ನೋಡು. ನಿಂದೂ ಈಗ ನನ್ನಂಗ ಬರೋಬ್ಬರಿ ಆತು!"